ಮೋಟೌನ್ ಮನೆಯ ರಾಕ್ ದನಿ

2022ರ ಜನವರಿಯಲ್ಲಿ ಅಮೆರಿಕದ ರಾಕ್ ಗಾಯಕ ಮೀಟ್ ಲೋಫ್ ತೀರಿಕೊಂಡಾಗ ಎಲ್ಲೆಡೆ ನುಡಿನಮನಗಳು ಬಂದವು. 1977ರ 'ಬ್ಯಾಟ್ ಔಟ್ ಆಫ್ ಹೆಲ್' ಬಗ್ಗೆ ಪುಟಗಟ್ಟಲೆ ಬರೆದವರು ಅದಕ್ಕೂ ಆರು ವರ್ಷ ಹಿಂದಿನ ಮೊದಲ ಆಲ್ಬಂಗೆ ಹೆಚ್ಚೆಂದರೆ ಒಂದು ಸಾಲು ಕೊಟ್ಟರು. 1971ರಲ್ಲಿ ಮೋಟೌನ್ ಕಂಪನಿ ಹೊರತಂದ ಆ ಆಲ್ಬಂನ ಹೆಸರು 'ಸ್ಟೋನಿ ಅಂಡ್ ಮೀಟ್‌ಲೋಫ್'. ಹೆಸರಿನಲ್ಲಿ ಮೊದಲು ನಿಂತಿರುವ ಸ್ಟೋನಿ ಯಾರೆಂದು ವಿಚಾರಿಸುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಆಕೆ ಶಾನ್ ಮರ್ಫಿ. ಕಪ್ಪು ಅಮೆರಿಕನ್ನರ ಸೋಲ್ ಸಂಗೀತದ ಅತಿ ದೊಡ್ಡ ಕಂಪನಿಯಾದ ಮೋಟೌನ್ ಒಪ್ಪಂದ ಮಾಡಿಕೊಂಡ ರಾಕ್ ಗಾಯಕಿ. ಆಮೇಲೆ ಬಾಬ್ ಸೀಗರ್, ಎರಿಕ್ ಕ್ಲಾಪ್ಟನ್, ಲಿಟಲ್ ಫೀಟ್ ತಂಡ ಎಂದು ದಶಕಗಳ ಕಾಲ ಹಾಡುತ್ತ ಬಂದವರು.

ಸೋಲ್ ಕಂಪನಿಗೆ ರಾಕ್ ಒಗ್ಗಲಿಲ್ಲ, ಕೈ ಹಾಕಿ ಸುಟ್ಟುಕೊಂಡಿತು ಎಂಬ ಮಾತೊಂದು ಸಂಗೀತ ಬರಹಗಾರರಲ್ಲಿ ಚಾಲ್ತಿಯಲ್ಲಿದೆ. ಈ ಸಂಗೀತವನ್ನು ಕೇಳುತ್ತ, ಅದರ ಬಗ್ಗೆ ಬರೆಯುತ್ತ ಬಂದ ನನಗೆ ಈ ತೀರ್ಮಾನ ಒಪ್ಪಿಗೆಯಿಲ್ಲ. ಮೋಟೌನ್‌ನ ಕಡತಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ.

ಮೊದಲ ಹತ್ತು ವರ್ಷಗಳನ್ನು ಬೇಗ ದಾಟಿಬಿಡೋಣ. 1959ರಲ್ಲಿ ಬೆರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ತಂದು ಡೆಟ್ರಾಯಿಟ್‌ನಲ್ಲಿ ಕಂಪನಿ ತೆರೆದರು. ಅದೇ ವರ್ಷ ಬ್ಯಾರೆಟ್ ಸ್ಟ್ರಾಂಗ್ ಹಾಡಿದ 'ಮನಿ'ಯನ್ನೂ ಮೋಟೌನ್‌ನ ಇನ್ನೆರಡು ಹಾಡುಗಳನ್ನೂ ಬೀಟಲ್ಸ್ 1963ರಲ್ಲಿ ತಮ್ಮ ಎರಡನೇ ಆಲ್ಬಂಗೆ ಎತ್ತಿಕೊಂಡರು. ರಾಕ್ ಹುಡುಗರು ಮೋಟೌನ್‌ನಿಂದ ಕಲಿತರೆಂಬುದಕ್ಕೆ ಇಷ್ಟು ಸಾಕು. 1966ರ ಆರಂಭದಲ್ಲಿ ಟೊರಾಂಟೊದಿಂದ 'ಮೈನಾ ಬರ್ಡ್ಸ್' ಎಂಬ ತಂಡ ಡೆಟ್ರಾಯಿಟ್‌ಗೆ ಬಂದು ಧ್ವನಿಮುದ್ರಣ ಮಾಡಿತು. ಹಾಡುಗಾರ ರಿಕ್ ಜೇಮ್ಸ್, ಗಿಟಾರ್ ಹಿಡಿದವರು ನೀಲ್ ಯಂಗ್! ನೌಕಾಪಡೆಯಿಂದ ಹೇಳದೆ ಕೇಳದೆ ಬಂದಿದ್ದ ಜೇಮ್ಸ್ ಸಿಕ್ಕಿಬಿದ್ದರು, ಆಲ್ಬಂ ಪೆಟ್ಟಿಗೆ ಸೇರಿತು. ಕ್ರಿಸ್ ಕ್ಲಾರ್ಕ್ ಎಂಬ ಬಿಳಿಯ ಗಾಯಕಿ ಅದೇ ವರ್ಷ 'ಲವ್ಸ್ ಗಾನ್ ಬ್ಯಾಡ್' ಹಾಡಿದರು. ಗಂಟಲು ಒಡೆಯುವಂತೆ ಹಾಡಿದ ಆ ಹಾಡು ನನ್ನ ಲೆಕ್ಕದಲ್ಲಿ ರಾಕ್ ಹಾಡೇ. ಮುಂದೆ ಆಕೆ ಚಿತ್ರಕಥೆಗಾರ್ತಿಯಾಗಿ 'ಲೇಡಿ ಸಿಂಗ್ಸ್ ದ ಬ್ಲೂಸ್' ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ಗಾಯಕಿಯಾಗಿ ಸಿಗದ ಮನ್ನಣೆ ಬರಹಗಾರ್ತಿಯಾಗಿ ಸಿಕ್ಕಿತು.

1969ರಲ್ಲಿ ಮೋಟೌನ್ ರಾಕ್‌ಗೆಂದೇ 'ರೇರ್ ಅರ್ತ್' ಹೆಸರಿನ ಬೇರೆ ಲೇಬಲ್ ತೆರೆಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮೊದಲ ಕಂತಿನ ಐದು ಆಲ್ಬಂಗಳಿಗೆ ಮೇಲ್ಭಾಗ ಕಮಾನಿನಂತೆ ದುಂಡಾಗಿ ಕತ್ತರಿಸಿದ ರಟ್ಟಿನ ಹೊದಿಕೆ. ಅಂಗಡಿಯ ಅಟ್ಟಣೆಯಲ್ಲಿ ಚೌಕ ಹೊದಿಕೆಗಳ ನಡುವೆ ಇವು ಮಾತ್ರ ಬೇರೆಯಾಗಿ ಕಾಣಬೇಕೆಂದು ಖರ್ಚಿಗೆ ಹಿಂದೆಮುಂದೆ ನೋಡಿರಲಿಲ್ಲ. ಲೇಬಲ್‌ನ ಹೆಸರನ್ನೇ ಹೊತ್ತ ಡೆಟ್ರಾಯಿಟ್‌ನ ತಂಡ, ಮೋಟೌನ್‌ನದೇ ಟೆಂಪ್ಟೇಷನ್ಸ್ ತಂಡದ 'ಗೆಟ್ ರೆಡಿ'ಯನ್ನು ಇಪ್ಪತ್ತು ನಿಮಿಷಕ್ಕೂ ಮೀರಿ ಎಳೆದು ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ತುಂಬಿಸಿತು. ಅದರ ಕಿರು ಆವೃತ್ತಿ 1970ರಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಟೆಂಪ್ಟೇಷನ್ಸ್‌ನ ಮೂಲ ಹಾಡು ಹತ್ತಿದ್ದು 29ನೇ ಸ್ಥಾನದವರೆಗೆ ಮಾತ್ರ. ಅದೇ ವರ್ಷ ಇದೇ ಲೇಬಲ್‌ನ ಆರ್. ಡೀನ್ ಟೇಲರ್ 'ಇಂಡಿಯಾನಾ ವಾಂಟ್ಸ್ ಮಿ' ಹಾಡಿ 5ನೇ ಸ್ಥಾನ ತಲುಪಿದರು. ಕೈ ಸುಟ್ಟುಕೊಂಡವರ ಲೆಕ್ಕಪತ್ರ ಹೀಗಿರುವುದಿಲ್ಲ.

ಕಂಪನಿಯ ದೌರ್ಬಲ್ಯ ಇದ್ದದ್ದು ಬೇರೆ ಕಡೆ. ಇಂಗ್ಲೆಂಡಿನ ಪ್ರೆಟಿ ಥಿಂಗ್ಸ್ ತಂಡದ 'ಎಸ್.ಎಫ್. ಸಾರೋ' ಒಂದೇ ಕಥೆಯನ್ನು ಹಾಡುಗಳಲ್ಲಿ ಹೇಳುವ ಆಲ್ಬಂ. 1968ರ ಡಿಸೆಂಬರಿನಲ್ಲೇ ಅಲ್ಲಿ ಬಿಡುಗಡೆಯಾಗಿತ್ತು. ಮೋಟೌನ್ ಅದನ್ನು ಅಮೆರಿಕದಲ್ಲಿ ತಡಮಾಡಿ ಹೊರತಂದಿತು. ಅಷ್ಟರಲ್ಲಿ ದ ಹೂ ತಂಡದ ಅದೇ ಬಗೆಯ ಆಲ್ಬಂ 'ಟಾಮಿ' ಬಂದಾಗಿತ್ತು. ಮೊದಲು ಹುಟ್ಟಿದ ಕೃತಿ ಅಮೆರಿಕದ ವಿಮರ್ಶಕರ ಕಣ್ಣಿಗೆ ನಕಲಾಗಿ ಕಂಡಿತು. ಕಿವಿ ಚೆನ್ನಾಗಿತ್ತು, ಸಮಯಕ್ಕೆ ಸರಿಯಾಗಿ ಬಾಗಿಲು ತೆರೆಯುವ ಅಭ್ಯಾಸವಿರಲಿಲ್ಲ.

ಶಾನ್ ಮರ್ಫಿ ಬಂದದ್ದು ಈ ಮನೆಗೆ. ಡೆಟ್ರಾಯಿಟ್‌ನ ರಂಗಮಂದಿರದಲ್ಲಿ 'ಹೇರ್' ಸಂಗೀತನಾಟಕ ನಡೆಯುತ್ತಿತ್ತು. ಅದರಲ್ಲಿ ಹಾಡುತ್ತಿದ್ದ ಮರ್ಫಿ ಮತ್ತು ಮೀಟ್ ಲೋಫ್ ಇಬ್ಬರನ್ನೂ ಮೋಟೌನ್ ಜೋಡಿಯಾಗಿ ತೆಗೆದುಕೊಂಡಿತು. ಆಲ್ಬಂನ 'ವಾಟ್ ಯೂ ಸೀ ಈಸ್ ವಾಟ್ ಯೂ ಗೆಟ್' ಸಿಂಗಲ್ ಆಗಿ ಬಂತು. ಅದನ್ನು ಗಮನವಿಟ್ಟು ಕೇಳಬೇಕು. ಗಂಡುದನಿ ಎತ್ತರಕ್ಕೆ ಹಾರಿ ಅಬ್ಬರಿಸುತ್ತದೆ, ನಾಟಕದ ವೇದಿಕೆ ಇನ್ನೂ ಕಾಲಕೆಳಗೇ ಇರುವಂತೆ. ಮರ್ಫಿಯ ದನಿ ಒರಟು, ದಪ್ಪ, ತುಸು ಬಿರುಕು ಬಿಟ್ಟದ್ದು. ಅವರು ತಾಳಕ್ಕಿಂತ ಎಳ್ಳಷ್ಟು ಹಿಂದೆ ನಿಂತು ಸಾಲನ್ನು ಎಳೆಯುತ್ತಾರೆ. ಚರ್ಚಿನ ಹಾಡುಗಾರಿಕೆಯ ಸವಾಲು-ಜವಾಬು ಇಲ್ಲಿ ರಾಕ್ ಗಿಟಾರಿನ ಜೊತೆ ಬೆರೆಯುತ್ತದೆ. ಹಾಡನ್ನು ಹಿಡಿದು ನಿಲ್ಲಿಸಿರುವುದು ಆಕೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹಾಡು ಪಾಪ್ ಪಟ್ಟಿಯಲ್ಲಿ 71ನೇ ಸ್ಥಾನದಲ್ಲೇ ನಿಂತಿತು. ಕಪ್ಪು ಕೇಳುಗರ ಆರ್ ಅಂಡ್ ಬಿ ಪಟ್ಟಿಯಲ್ಲಿ 36ಕ್ಕೆ ಏರಿತು. ಇಬ್ಬರು ಬಿಳಿಯ ಗಾಯಕರ ರಾಕ್ ಹಾಡನ್ನು ಹೆಚ್ಚಾಗಿ ಬರಮಾಡಿಕೊಂಡದ್ದು ಸೋಲ್ ಕೇಳುವ ಜನ. ರಾಕ್ ಇತಿಹಾಸಗಳಲ್ಲಿ ಈ ಅಂಕಿಗೆ ಜಾಗವೇ ಸಿಕ್ಕಿಲ್ಲ. ಅದು ಅವರ ವಿಂಗಡಣೆಗೆ ಹೊಂದುವುದಿಲ್ಲ.

ಮುಂದಿನದು ಬೇಸರದ ಸಂಗತಿ. 'ಹೂ ಈಸ್ ದ ಲೀಡರ್ ಆಫ್ ದ ಪೀಪಲ್' ಎಂಬ ಹಾಡನ್ನು ಇಬ್ಬರೂ ಹಾಡಿ ಮುಗಿಸಿದ್ದರು. ಕಂಪನಿ ಅವರ ದನಿಗಳನ್ನು ತೆಗೆದು ತನ್ನದೇ ಇನ್ನೊಬ್ಬ ಗಾಯಕ ಎಡ್ವಿನ್ ಸ್ಟಾರ್ ದನಿಯಲ್ಲಿ ಹೊರತಂದಿತು. ನಮ್ಮ ಚಿತ್ರರಂಗದಲ್ಲಿ ಟ್ರ್ಯಾಕ್ ಹಾಡಿಟ್ಟು ಹೋದ ಮೇಲೆ ಹೆಸರಾಂತ ಗಾಯಕರ ದನಿ ಬಂದು ಕೂರುವುದನ್ನು ಬಲ್ಲವರಿಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಹಿಂದೆ ದ್ವೇಷವಿತ್ತೆಂದು ನಾನು ಭಾವಿಸುವುದಿಲ್ಲ. ಗಾರ್ಡಿ ಸಂಗೀತಕ್ಕೆ ಬರುವ ಮುಂಚೆ ಮೋಟಾರು ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ದುಡಿದವರು. ಒಂದೇ ಹಾಡನ್ನು ನಾಲ್ಕಾರು ಗಾಯಕರಿಂದ ಹಾಡಿಸಿ ನೋಡುವುದು ಅವರ ಮನೆಯ ಪದ್ಧತಿ. ಸ್ಟಾರ್ ಅವರ ಪ್ರಖ್ಯಾತ 'ವಾರ್' ಕೂಡ ಮೊದಲು ಟೆಂಪ್ಟೇಷನ್ಸ್ ಹಾಡಿದ್ದೇ. ಆದರೆ ರಾಕ್‌ನಲ್ಲಿ ಹಾಡು ಮತ್ತು ಹಾಡುವವರು ಬೇರೆಯಾಗುವುದಿಲ್ಲ. ಒಬ್ಬರ ದನಿ ತೆಗೆದರೆ ಹಾಡೇ ಇಲ್ಲ. ಮೋಟೌನ್ ಎಡವಿದ್ದು ಈ ಒಂದು ವಿಷಯದಲ್ಲಿ.

ಮೀಟ್ ಲೋಫ್ ಮುನಿಸಿಕೊಂಡು ಹೊರನಡೆದರು. ಮರ್ಫಿ ಉಳಿದರು. ಒಬ್ಬರೇ ಹಾಡುಗಳನ್ನು ಧ್ವನಿಮುದ್ರಿಸಿದರು. ಕಂಪನಿ 1972ರಲ್ಲಿ ಲಾಸ್ ಏಂಜಲೀಸ್‌ಗೆ ಬಿಡಾರ ಎತ್ತಿತು, ಅವರ ಹಾಡುಗಳಲ್ಲಿ ಬಹುಪಾಲು ಪೆಟ್ಟಿಗೆಯಲ್ಲೇ ಕುಳಿತವು. ಒಂದು ಸ್ವಂತ ಆಲ್ಬಂ ಕೂಡ ಮೋಟೌನ್‌ನಿಂದ ಬರಲಿಲ್ಲ. 'ಬ್ಯಾಟ್ ಔಟ್ ಆಫ್ ಹೆಲ್' ಲಕ್ಷಗಟ್ಟಲೆ ಮಾರಾಟವಾದ ಮೇಲೆ ಮೋಟೌನ್ ಹಳೆಯ ಆಲ್ಬಂಗೆ ಹೊಸ ಹೊದಿಕೆ ಹಾಕಿತು. ಈ ಸಲ ಮೀಟ್ ಲೋಫ್ ಹೆಸರು ಮುಂದೆ, ಸ್ಟೋನಿ ಹೆಸರು ಹಿಂದೆ.

ಇದೇ ಹೊತ್ತಿನಲ್ಲಿ ಬೇರೆ ಸೋಲ್ ಕಂಪನಿಗಳೂ ರಾಕ್ ಕಡೆ ಹೊರಳಿದ್ದವು. ಅಟ್ಲಾಂಟಿಕ್ ಗೆದ್ದಿತು. ಲೆಡ್ ಜೆಪ್ಪೆಲಿನ್ ತಂಡವನ್ನು ತೆಗೆದುಕೊಳ್ಳಿ ಎಂದು ಅಲ್ಲಿ ಶಿಫಾರಸು ಮಾಡಿದ್ದು ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಎಂಬ ಗಾಯಕಿ. ಆಕೆಯದೇ 'ಡಸ್ಟಿ ಇನ್ ಮೆಂಫಿಸ್' ಮಾತ್ರ 99ನೇ ಸ್ಥಾನ ದಾಟಲಿಲ್ಲ. ಮೆಂಫಿಸ್‌ನ ಸ್ಟ್ಯಾಕ್ಸ್ 1972ರಲ್ಲಿ ಬಿಗ್ ಸ್ಟಾರ್ ತಂಡದ ಆಲ್ಬಂ ಹಂಚಲು ಹೋಯಿತು, ತಟ್ಟೆಗಳು ಅಂಗಡಿಗಳನ್ನೇ ತಲುಪಲಿಲ್ಲ. ಬಿಗ್ ಸ್ಟಾರ್‌ಗೆ ಆಮೇಲೆ ಭಕ್ತಗಣ ಹುಟ್ಟಿಕೊಂಡಿತು, ಪುಸ್ತಕಗಳು ಬಂದವು. ಅದೇ ಕಾಳಜಿ ಮರ್ಫಿಯತ್ತ ಹರಿಯಲಿಲ್ಲ.

ಮರ್ಫಿ ದುಡಿಯುವುದನ್ನು ಬಿಡಲಿಲ್ಲ. ಡೆಟ್ರಾಯಿಟ್‌ನ ಬಾಬ್ ಸೀಗರ್ ತಂಡದಲ್ಲಿ ವರ್ಷಾನುವರ್ಷ ಹಿನ್ನೆಲೆ ಹಾಡಿದರು. 1985ರ ಜುಲೈ 13ರಂದು ಫಿಲಡೆಲ್ಫಿಯಾದ ಲೈವ್ ಏಡ್ ಕಛೇರಿಯಲ್ಲಿ ಎರಿಕ್ ಕ್ಲಾಪ್ಟನ್ 'ಲೈಲಾ' ನುಡಿಸುವ ದೃಶ್ಯ ಎಲ್ಲರ ನೆನಪಿನಲ್ಲಿದೆ. ಅಲ್ಲಿ ಬಾಸ್ ಗಿಟಾರ್ ಹಿಡಿದವರು ಸ್ಟ್ಯಾಕ್ಸ್‌ನ ಡಕ್ ಡನ್. ಮಗ್ಗುಲಲ್ಲಿ ಹಾಡುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಡೆಟ್ರಾಯಿಟ್‌ನಲ್ಲೇ ಹುಟ್ಟಿದ ಮಾರ್ಸಿ ಲೆವಿ, ಇನ್ನೊಬ್ಬರು ಶಾನ್ ಮರ್ಫಿ. ಸೋಲ್ ಮನೆಗಳಲ್ಲಿ ಪಳಗಿದ ಕೈಯೂ ಕಂಠವೂ ರಾಕ್‌ನ ಅತಿ ದೊಡ್ಡ ವೇದಿಕೆಯಲ್ಲಿದ್ದವು.

1993ರಲ್ಲಿ ಲಿಟಲ್ ಫೀಟ್ ತಂಡ ಮರ್ಫಿಯವರನ್ನು ಮುಖ್ಯ ಗಾಯಕರ ಸಾಲಿಗೆ ಸೇರಿಸಿಕೊಂಡಿತು. ಲೊವೆಲ್ ಜಾರ್ಜ್ ಕಟ್ಟಿದ, ಗಂಡುದನಿಯ ತಂಡ ಅದು. ಹಳೆಯ ಅಭಿಮಾನಿಗಳಲ್ಲಿ ಹಲವರು ಮೂಗು ಮುರಿದರು. 1995ರ 'ಏಂಟ್ ಹ್ಯಾಡ್ ಇನಫ್ ಫನ್' ಕೇಳಿದರೆ ಆ ಅಸಮಾಧಾನ ಸಂಗೀತದ್ದಲ್ಲ, ರೂಢಿಯದು ಎಂದು ಗೊತ್ತಾಗುತ್ತದೆ. 2009ರವರೆಗೆ ಅಲ್ಲಿದ್ದು, ಬಳಿಕ ತಮ್ಮದೇ ತಂಡ ಕಟ್ಟಿ ಬ್ಲೂಸ್ ಹಾಡಲು ಹೊರಟರು. ಸ್ವಂತ ಹೆಸರಿನ ಆಲ್ಬಂಗಳು ಬರತೊಡಗಿದ್ದು ಆಗ, ಮೋಟೌನ್ ಸೇರಿ ಸುಮಾರು ನಾಲ್ಕು ದಶಕ ಕಳೆದ ಮೇಲೆ.

ಡೆಟ್ರಾಯಿಟ್ ರಾಕ್ ಎಂದರೆ ಎಂಸಿ5, ಸ್ಟೂಜಸ್, ಮಿಚ್ ರೈಡರ್, ಸೀಗರ್ ಎಂದು ಬೆರಳು ಮಡಚುವ ರೂಢಿಯಿದೆ. ಅದೇ ಊರಿನ ಸುಜಿ ಕ್ವಾಟ್ರೋ ಹೆಸರು ಮಾಡಲು ಇಂಗ್ಲೆಂಡಿಗೆ ಹೋಗಬೇಕಾಯಿತು. ಮೋಟೌನ್ ಚರಿತ್ರೆ ಬರೆಯುವವರು ರೇರ್ ಅರ್ತ್ ಲೇಬಲನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ, ರಾಕ್ ಚರಿತ್ರೆಯವರು ಅದು ಮೋಟೌನ್ ಎಂದು ಬಿಟ್ಟುಬಿಡುತ್ತಾರೆ. ಹಿನ್ನೆಲೆ ಗಾಯಕಿಯರನ್ನು ಇಬ್ಬರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೋಟೌನ್‌ನಲ್ಲೇ ಬೆಳೆದ ಇನ್ನೊಬ್ಬ ಬಿಳಿಯ ಗಾಯಕಿ ಟೀನಾ ಮರೀ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ, ಒಪ್ಪಂದದಲ್ಲಿ ಕಟ್ಟಿಹಾಕಿ ಹಾಡು ಬಿಡುಗಡೆ ಮಾಡದಿರುವ ಕಂಪನಿಗಳ ಚಾಳಿಗೆ 1980ರ ದಶಕದಲ್ಲಿ ತಡೆ ಬಿತ್ತು. ಮರ್ಫಿಯ ಪಾಲಿಗೆ ಅದು ಹತ್ತು ವರ್ಷ ತಡವಾಗಿತ್ತು.

2022ರಲ್ಲಿ 'ಎವ್ರಿಥಿಂಗ್ ಅಂಡರ್ ದ ಸನ್' ಎಂಬ ಸಂಕಲನದಲ್ಲಿ ಜೋಡಿಯ ಹಾಡುಗಳ ಜೊತೆ ಮರ್ಫಿ ಒಬ್ಬರೇ ಹಾಡಿದ್ದ ಮೋಟೌನ್ ಧ್ವನಿಮುದ್ರಣಗಳೂ ಬೆಳಕು ಕಂಡವು. ಹೆಚ್ಚಿನವರು ಅದನ್ನು ಕೊಂಡಿರುವುದು ಮೀಟ್ ಲೋಫ್‌ಗಾಗಿ ಇರಬಹುದು. ಕೇಳುವಾಗ ಮರ್ಫಿ ಒಬ್ಬರೇ ಹಾಡಿದವುಗಳಿಂದ ಶುರುಮಾಡಬೇಕು.