ಬೇಸಿಗೆ ಕೊನೆಯ ಬೆಂಗಳೂರು: ಮಾಲ್ ಬಿಟ್ಟು ನೋಡಬೇಕಾದ ಜಾಗಗಳು

ಮೇ ತಿಂಗಳು ಬಂತೆಂದರೆ ರಾಜ್ಯದ ಅರ್ಧ ಜನಕ್ಕೆ ಬೆಂಗಳೂರಲ್ಲಿ ಏನಾದರೊಂದು ಕೆಲಸ ಬೀಳುತ್ತೆ. ಕಾಲೇಜು ಸೀಟು, ಇಂಟರ್‌ವ್ಯೂ, ಕೋಚಿಂಗ್, ಯಾರದೋ ಮದುವೆ. ಕೆಲಸ ಮುಗಿಸಿ ಇನ್ನೆರಡು ದಿನ ಉಳಿಯೋಣ ಅಂದುಕೊಂಡು ಫೋನಲ್ಲಿ ಹುಡುಕಿದರೆ ಸಿಗೋದು ಮಾಲ್, ಕೆಫೆ, ಪಬ್. ಎಲ್ಲಾ ಕಡೆ ಎಸಿ ಇದೆ, ಎಲ್ಲದಕ್ಕೂ ದುಡ್ಡು ಬೇಕು.

ಈ ಪಟ್ಟಿ ಬೇರೆ. ಇಲ್ಲಿರುವ ಬಹುತೇಕ ಜಾಗಗಳು ನಮ್ಮೆಲ್ಲರ ಆಸ್ತಿ. ಬಿಸಿಲುಗಾಲದಲ್ಲಿ ಒಂದು ನಗರದ ಅಸಮಾನತೆ ಎದ್ದು ಕಾಣೋದು ತಂಪಿನ ವಿಷಯದಲ್ಲಿ. ದುಡ್ಡಿದ್ದವರು ತಂಪನ್ನು ಕೊಳ್ಳುತ್ತಾರೆ, ಇಲ್ಲದವರು ನೆರಳು ಹುಡುಕುತ್ತಾರೆ. ಆ ನೆರಳು, ನೀರು, ಕೂರೋ ಜಾಗ ಇವತ್ತಿಗೂ ಉಳಿದಿದ್ದರೆ ಅದಕ್ಕೆ ಹಿಂದೆ ಯಾರೋ ಯೋಚಿಸಿ ಕಟ್ಟಿದ್ದು ಕಾರಣ, ಆಮೇಲೆ ಇನ್ಯಾರೋ ಬೀದಿಗಿಳಿದು ಉಳಿಸಿದ್ದು ಕಾರಣ.

ಹವಾಮಾನ

ಬೆಂಗಳೂರಿನ ಬಿಸಿಲು ಜಾಸ್ತಿ ಇರೋದು ಏಪ್ರಿಲ್‌ನಲ್ಲಿ. 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಮೇ ಹೊತ್ತಿಗೆ ಬೆಳಗ್ಗೆ ಹಿತವಾಗಿದ್ದು, ಮಧ್ಯಾಹ್ನ ಧಗೆಯೇರಿ, ಸಂಜೆ ಗುಡುಗು ಮಳೆ ಬರುವುದು ಮಾಮೂಲು. ಹಾಗಾಗಿ ಬೆಳಗ್ಗೆ 6ರಿಂದ 10ರವರೆಗೆ ಬಯಲಲ್ಲಿ ಸುತ್ತಾಡಿ, ಮಧ್ಯಾಹ್ನ ಸೂರಿನಡಿ ಇರೋ ಜಾಗಗಳನ್ನು ನೋಡಿ, ಸಂಜೆಗೆ ಕೊಡೆ ಇಟ್ಟುಕೊಳ್ಳಿ. ಮಳೆ ಜೋರಾದರೆ ಅಂಡರ್‌ಪಾಸ್ ಒಳಗೆ ಹೋಗಲೇಬೇಡಿ, ಆಟೋ ಆಗಲಿ, ಕ್ಯಾಬ್ ಆಗಲಿ. 2023ರ ಮೇ 21ರಂದು ವಿಧಾನಸೌಧದ ಕೂಗಳತೆಯಲ್ಲಿರುವ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಸತ್ತರು.

ಓಡಾಟ

ಈ ಪಟ್ಟಿಯ ಹೆಚ್ಚಿನ ಜಾಗಗಳಿಗೆ ಮೆಟ್ರೋ ಸಾಕು. ಮೆಜೆಸ್ಟಿಕ್‌ನಲ್ಲಿ ಹಸಿರು ಮತ್ತು ನೇರಳೆ ಮಾರ್ಗ ಸೇರುತ್ತವೆ. ಲಾಲ್‌ಬಾಗ್, ಕೆ.ಆರ್. ಮಾರ್ಕೆಟ್ ಹಸಿರು ಮಾರ್ಗದಲ್ಲಿವೆ. ಕಬ್ಬನ್ ಪಾರ್ಕ್, ವಿಧಾನಸೌಧ ನೇರಳೆ ಮಾರ್ಗದಲ್ಲಿ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಗಿದೆ. ಮಹಿಳೆಯರಿಗೆ ಬಸ್ಸೇ ಲಾಭ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಬಿಎಂಟಿಸಿಯ ಸಾಮಾನ್ಯ ಬಸ್ ಉಚಿತ. ಎಸಿ ಬಸ್ಸಿಗೆ, ಏರ್‌ಪೋರ್ಟ್ ಬಸ್ಸಿಗೆ ಇದು ಅನ್ವಯ ಆಗಲ್ಲ.

ಲಾಲ್‌ಬಾಗ್: ಬಂಡೆ, ಮರ, ಮಾವು

1760ರಲ್ಲಿ ಹೈದರ್ ಅಲಿ ಶುರು ಮಾಡಿ, ಟಿಪ್ಪು ಬೆಳೆಸಿದ ತೋಟ. ಈಗ ಸುಮಾರು 240 ಎಕರೆ. ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳೋದು ಇದ್ದದ್ದೇ. ಅದಕ್ಕಿಂತ ಮೊದಲು ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಹತ್ತಿ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. 2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗ್‌ನ ಜಾಗವೂ ಸೇರಿದೆ ಅಂತ ಗೊತ್ತಾದಾಗ ವಿರೋಧ ಎದ್ದಿದ್ದು ಯಾಕೆ ಅಂತ ಈ ಬಂಡೆ ಮೇಲೆ ನಿಂತರೆ ಬೇಗ ಅರ್ಥ ಆಗುತ್ತೆ.

ಮೇ ತಿಂಗಳಲ್ಲಿ ಗುಲ್‌ಮೊಹರ್ ಕೆಂಪಾಗಿರುತ್ತೆ. ಊರಲ್ಲಿ ಒಂದಾದ ಮೇಲೊಂದು ಜಾತಿಯ ಮರ ಹೂ ಬಿಡುತ್ತಾ ಹೋಗುವುದು ಆಕಸ್ಮಿಕ ಅಲ್ಲ. ಮೈಸೂರು ಸಂಸ್ಥಾನದ ತೋಟಗಾರಿಕೆ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಹಾಗೆ ಲೆಕ್ಕ ಹಾಕಿ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಇವತ್ತು ಬಡಾವಣೆಗಳ ರಸ್ತೆಗಳಲ್ಲಿ ಕಾಣೋ ಎಷ್ಟೋ ಮರಗಳು ಆ ಕಾಲದವು.

ಮಾವಿನ ಕಾಲದಲ್ಲಿ ಬಂದರೆ ಮಾವು ಅಭಿವೃದ್ಧಿ ನಿಗಮದ ಮೇಳ ನಡೀತಿದೆಯಾ ವಿಚಾರಿಸಿ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಹಣ್ಣನ್ನು ರೈತರ ಕೈಯಿಂದಲೇ ಕೊಳ್ಳಬಹುದು. ವ್ಯಾಪಾರದ ಜೊತೆ ನಾಲ್ಕು ಮಾತೂ ಆಡಿ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಬಿದ್ದಾಗ, ಆಂಧ್ರದ ಚಿತ್ತೂರು ಜಿಲ್ಲೆ ಕರ್ನಾಟಕದ ಕಾಯಿ ಒಳಗೆ ಬರದಂತೆ ತಡೆಯಿತು. ಕೋಲಾರದ ಶ್ರೀನಿವಾಸಪುರದ ಬೆಳೆಗಾರರು ರಸ್ತೆಗಿಳಿದ ಮೇಲೆ ಕೇಂದ್ರ ಸರ್ಕಾರ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ಕಟ್ಟಿಕೊಡಲು ಒಪ್ಪಿತು.

ಕಬ್ಬನ್ ಪಾರ್ಕ್ ಮತ್ತು ಸರ್ಕಾರಿ ಮ್ಯೂಸಿಯಂ

1870ರಲ್ಲಿ ಶುರುವಾದ ಈ ಉದ್ಯಾನಕ್ಕೆ ದಾಖಲೆಯಲ್ಲಿರುವ ಹೆಸರು ಶ್ರೀ ಚಾಮರಾಜೇಂದ್ರ ಉದ್ಯಾನ. ಟಿಕೆಟ್ ಇಲ್ಲ. ಕಾಸು ಖರ್ಚಿಲ್ಲದೆ ಅರ್ಧ ದಿನ ಪುಸ್ತಕ ಹಿಡಿದು ಕೂರಬಹುದು. ಒಳಗೇ ಇರುವ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಮಧ್ಯಾಹ್ನದ ಬಿಸಿಲಿಗೆ ಸರಿಯಾದ ಜಾಗ. ಅಲ್ಲಿ ಹತ್ತನೇ ಶತಮಾನದ ಆತಕೂರು ಶಾಸನ ಹುಡುಕಿ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕನ್ನಡದ ಕಲ್ಲು ಅದು. ಸೋಮವಾರ ಮ್ಯೂಸಿಯಂಗೆ ರಜೆ.

ವಿಧಾನಸೌಧ

ಗೇಟಿನ ಆಚೆಯಿಂದ ನೋಡಿ ಬರುವ ಕಾಲ ಮುಗಿದಿದೆ. 2025ರ ಜೂನ್‌ನಿಂದ ಗೈಡ್ ಜೊತೆ ಒಳಗೆ ನೋಡುವ ವ್ಯವಸ್ಥೆ ಶುರುವಾಗಿದೆ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಇರುತ್ತೆ. ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ತನ್ನಿ. ಶುರುವಾದಾಗ ದೊಡ್ಡವರ ಟಿಕೆಟ್ 50 ರೂಪಾಯಿ ಇತ್ತು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ ಈ ಕಟ್ಟಡಕ್ಕೆ ಕಲ್ಲು ಹೊತ್ತವರಲ್ಲಿ ಜೈಲಿನ ಕೈದಿಗಳೂ ಇದ್ದರು. ಎದುರಿಗಿರುವ ಕೆಂಪು ಅಠಾರ ಕಚೇರಿಯಲ್ಲಿ ಈಗ ಹೈಕೋರ್ಟ್ ಇದೆ.

ಫ್ರೀಡಂ ಪಾರ್ಕ್

ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ಇದು ಹಳೇ ಸೆಂಟ್ರಲ್ ಜೈಲು, 2008ರಲ್ಲಿ ಉದ್ಯಾನವಾಯಿತು. ಕಾವಲು ಗೋಪುರ, ಸೆಲ್‌ಗಳು ಈಗಲೂ ಇವೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲಿದ್ದರು. ‘ಸಂಸ್ಕಾರ’ ಸಿನಿಮಾದ ನಟಿ ಸ್ನೇಹಲತಾ ರೆಡ್ಡಿ ಕೂಡ ಇಲ್ಲಿ ಬಂಧಿಯಾಗಿದ್ದರು. ಆಸ್ತಮಾದಿಂದ ನರಳುತ್ತಿದ್ದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

2021ರ ಆದೇಶದ ನಂತರ ಬೆಂಗಳೂರಲ್ಲಿ ಪ್ರತಿಭಟನೆ ಮಾಡೋದಕ್ಕೆ ಬಿಟ್ಟಿರುವ ಜಾಗ ಇದೊಂದೇ. ಟ್ರಾಫಿಕ್‌ಗೆ ತೊಂದರೆ ಅಂತ ಪ್ರತಿಭಟನೆಯನ್ನು ಗೋಡೆಯೊಳಗೆ ಸೇರಿಸಿದ್ದು ಸರಿಯಾ ಅನ್ನುವ ಪ್ರಶ್ನೆ ಹಾಗೇ ಇದೆ. ಆದರೂ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಸ್ವಾಧೀನದ ವಿರುದ್ಧ ಮೂರು ವರ್ಷ ನಡೆಸಿದ ಹೋರಾಟ ಕೊನೆಗೆ ಬಂದು ಕೂತಿದ್ದು ಇಲ್ಲೇ. 2025ರ ಜುಲೈ 15ರಂದು ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ನೀವು ಹೋದ ದಿನ ಯಾರಾದರೂ ಧರಣಿ ಕೂತಿದ್ದರೆ ಅರ್ಧ ಗಂಟೆ ಕೂತು ಕೇಳಿ. ರಾಜ್ಯದ ಯಾವ ಮೂಲೆಯಲ್ಲಿ ಏನು ಕುದೀತಿದೆ ಅಂತ ಟಿವಿಗಿಂತ ಚೆನ್ನಾಗಿ ಗೊತ್ತಾಗುತ್ತೆ.

ಕೆ.ಆರ್. ಮಾರ್ಕೆಟ್ ಮತ್ತು ಟಿಪ್ಪು ಅರಮನೆ

ಹೂವಿನ ವ್ಯಾಪಾರ ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ಹೋಗಿ. ಎಂಟರ ಹೊತ್ತಿಗೆ ಭರಾಟೆ ಇಳಿದಿರುತ್ತೆ. ಅಲ್ಲಿಂದ ಸ್ವಲ್ಪ ನಡೆದರೆ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆ, ಪಕ್ಕದಲ್ಲೇ ಅದಕ್ಕಿಂತ ಹಳೆಯ ಕೋಟೆ ವೆಂಕಟರಮಣ ದೇವಸ್ಥಾನ. ತೇಗದ ಕಂಬಗಳು, ತೆರೆದ ಮೊಗಸಾಲೆ, ಗಾಳಿ ಆಡುವ ಹಾಗೆ ಎತ್ತರದ ಸೂರು. ಕರೆಂಟ್ ಇಲ್ಲದ ಕಾಲದಲ್ಲಿ ಸೆಕೆಗೆ ಹೇಗೆ ಉತ್ತರ ಕಂಡುಕೊಂಡಿದ್ದರು ಅಂತ ಮಧ್ಯಾಹ್ನವೇ ಹೋಗಿ ನೋಡಿ.

ಕೆರೆಗಳು: ಇರುವವು, ಇಲ್ಲದವು

ನೀವು ಬಸ್ ಇಳಿದ ಮೆಜೆಸ್ಟಿಕ್ ಒಂದು ಕಾಲದ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿದೆ. ಕೆರೆಗಳನ್ನು ಮುಚ್ಚಿಕೊಂಡ ಊರು ಈಗ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪ್ ಮಾಡಿ ಮೇಲಕ್ಕೆತ್ತಿ ಕುಡಿಯುತ್ತೆ. 2024ರ ಬೇಸಿಗೆಯಲ್ಲಿ ಸುಮಾರು 14,000 ಸಾರ್ವಜನಿಕ ಬೋರ್‌ವೆಲ್‌ಗಳ ಪೈಕಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಕಾವೇರಿ ಪೈಪ್ ತಲುಪದ ಹೊರವಲಯದ ಜನ ಟ್ಯಾಂಕರ್‌ನವರು ಹೇಳಿದಷ್ಟು ಕೊಟ್ಟರು.

ಬದುಕಿರುವ ಕೆರೆ ನೋಡಬೇಕಾದರೆ ಬೆಳಗ್ಗೆ ಜಕ್ಕೂರಿಗೆ ಹೋಗಿ. ಅಲ್ಲಿ ಚರಂಡಿ ನೀರು ಮೊದಲು ಘಟಕದಲ್ಲಿ ಶುದ್ಧವಾಗಿ, ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಕೆರೆ ಸೇರುತ್ತೆ. ಅದಕ್ಕೇ ಕಡು ಬೇಸಿಗೆಯಲ್ಲೂ ನೀರಿರುತ್ತೆ, ಹಕ್ಕಿ ಇರುತ್ತೆ.

ಸಂಜೆಗೆ

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರಿಂದ ಇದೆ. ಹಿಂದೆಯೇ ಸಂಸ ಬಯಲು ರಂಗಮಂದಿರ. ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾದ ರಂಗಶಂಕರ ಇದೆ. ಅಲ್ಲಿ ಆಟ ಶುರುವಾದ ಮೇಲೆ ಒಳಗೆ ಬಿಡಲ್ಲ, ಟ್ರಾಫಿಕ್ ನೆಪ ನಡೆಯಲ್ಲ. ಹತ್ತು ನಿಮಿಷ ಮೊದಲೇ ಹೋಗಿ.

ಎರಡೇ ದಿನ ಇದ್ದರೆ

ಶನಿವಾರ ಬೆಳಗ್ಗೆ ಮಾರ್ಕೆಟ್, ಲಾಲ್‌ಬಾಗ್. ಮಧ್ಯಾಹ್ನ ಟಿಪ್ಪು ಅರಮನೆ, ಸಂಜೆ ನಾಟಕ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್, ವಿಧಾನಸೌಧ. ಮಧ್ಯಾಹ್ನ ಮ್ಯೂಸಿಯಂ, ಊರಿಗೆ ಬಸ್ ಹತ್ತುವ ಮೊದಲು ಫ್ರೀಡಂ ಪಾರ್ಕ್. ಜಕ್ಕೂರಿಗೆ ಇನ್ನೊಂದು ಬೆಳಗ್ಗೆ ಬೇಕು.

2017ರ ಮಾರ್ಚ್‌ನಲ್ಲಿ ಸರ್ಕಾರ ಹೆಬ್ಬಾಳದ ಸ್ಟೀಲ್ ಫ್ಲೈಓವರ್ ಕೈಬಿಟ್ಟಿದ್ದರಿಂದ 812 ಮರ ಉಳಿದವು. ಕೆಲವು ತಿಂಗಳು ಮೊದಲು ಸಾವಿರಾರು ಜನ ಕೈಕೈ ಹಿಡಿದು ರಸ್ತೆ ಬದಿ ನಿಂತಿದ್ದರು. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಲ್ಲೂ ಈಗ ರಸ್ತೆ ಅಗಲ ಮಾಡೋಕೆ ಮೊದಲು ಕಡಿಯೋದು ಮರವನ್ನೇ. ಊರಿಗೆ ವಾಪಸ್ ಹೋದ ಮೇಲೆ ನಿಮ್ಮೂರಿನ ಕೆರೆ, ಪಾರ್ಕು, ಸಾಲುಮರ ಯಾರ ಕೈಯಲ್ಲಿದೆ, ಮುಂದಿನ ಯೋಜನೆಯ ನಕ್ಷೆಯಲ್ಲಿ ಇದೆಯೋ ಇಲ್ಲವೋ ಅಂತ ಒಮ್ಮೆ ವಿಚಾರಿಸಿ.