ಆಪತ್ಕಾಲದ ವಾರ್ತಾಮಾರ್ಗಗಳು: ಅಮೆರಿಕಾದ ಚರಿತ್ರೆಯಿಂದ ಒಂದು ವಿಚಾರ

೧

ರಾಜ್ಯರಕ್ಷಣೆಗೆ ದುರ್ಗ, ಕೋಶ, ದಂಡಗಳು ಎಷ್ಟು ಅವಶ್ಯಕವೋ ವಾರ್ತೆಯೂ ಅಷ್ಟೇ ಅವಶ್ಯಕವೆಂಬುದು ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ದೊರೆತ ಹಸ್ತಪ್ರತಿಯ ಆಧಾರದಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿವೀತಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಶತ್ರುಗಳ ಮತ್ತು ಆಟವಿಕರ ಸಂಚಾರವನ್ನು ಮುದ್ರೆಯುಳ್ಳ ಲೇಖವನ್ನು ಹೊತ್ತ ಸಾಕುಪಾರಿವಾಳಗಳ ಮೂಲಕವಾಗಲಿ, ಸಾಲಾಗಿ ಎಬ್ಬಿಸಿದ ಹೊಗೆ ಬೆಂಕಿಗಳ ಮೂಲಕವಾಗಲಿ ಅರಸನಿಗೆ ಮುಟ್ಟಿಸಬೇಕೆಂದು ಅಲ್ಲಿ ವಿಧಿಸಲಾಗಿದೆ.

ಈ ಸಣ್ಣ ವಿಧಿಯಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು ಮುದ್ರೆ, ಬಂದ ವಾರ್ತೆಯು ಯಾರಿಂದ ಬಂದಿತೆಂಬುದಕ್ಕೆ ಅದೇ ಸಾಕ್ಷಿ. ಎರಡನೆಯದು ವಿಕಲ್ಪ, ಒಂದು ಮಾರ್ಗವು ಕೆಟ್ಟರೆ ಇನ್ನೊಂದು ಉಳಿಯಬೇಕು. ಇದಲ್ಲದೆ, ಆ ಎರಡು ಮಾರ್ಗಗಳು ಒಂದೇ ಜಾತಿಯವಲ್ಲ. ಪಾರಿವಾಳವನ್ನು ಹಿಡಿಯುವ ಗಿಡುಗವು ಬೆಂಕಿಯನ್ನು ಹಿಡಿಯಲಾರದು. ಗ್ರಂಥಕಾರನು ಈ ಕಾರಣವನ್ನು ಬಾಯಿಬಿಟ್ಟು ಹೇಳಿಲ್ಲ; ಇದು ನಾವು ಮಾಡಿಕೊಳ್ಳುವ ಊಹೆ. ಆದರೂ ಈ ಭಿನ್ನಜಾತೀಯತೆಯೇ ವಿಶ್ವಾಸಾರ್ಹತೆಯ ಮೂಲವೆಂಬುದನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅರ್ಧಶತಮಾನದ ಅನುಭವದಿಂದ ತೋರಿಸಬಹುದು. ಈ ಲೇಖನದ ಉದ್ದೇಶವು ಅಷ್ಟೇ.

೨

೧೯೬೧ನೆಯ ಇಸವಿ ನವೆಂಬರ್ ೨೪ರಂದು, ನೆಬ್ರಾಸ್ಕಾ ಸಂಸ್ಥಾನದ ಒಮಾಹಾ ಪಟ್ಟಣದ ಬಳಿ ಇದ್ದ ಬಾಂಬರ್ ವಿಮಾನಪಡೆಯ ಪ್ರಧಾನ ಕಾರ್ಯಾಲಯಕ್ಕೆ ಗ್ರೀನ್‌ಲೆಂಡಿನ ಥೂಲೆ ಎಂಬಲ್ಲಿದ್ದ ರಾಡಾರ್ ಠಾಣೆಯೊಡನೆಯೂ ಕೊಲರಾಡೋದಲ್ಲಿದ್ದ ವಾಯುರಕ್ಷಣಾ ಕಾರ್ಯಾಲಯದೊಡನೆಯೂ ಏಕಕಾಲದಲ್ಲಿ ಸಂಪರ್ಕವು ಕಡಿದುಹೋಯಿತು. ತಂತಿಗಳೆಲ್ಲ ಒಮ್ಮೆಗೇ ಮೂಕವಾಗಬೇಕಾದರೆ ಶತ್ರುವಿನ ಕ್ಷಿಪಣಿಗಳು ಬಿದ್ದಿರಬೇಕು. ಇಲ್ಲವೆ ಎಲ್ಲ ಮಾರ್ಗಗಳೂ ತಾವಾಗಿಯೇ ಕೆಟ್ಟಿರಬೇಕು. ಎರಡನೆಯದು ಅಸಂಭವವೆಂದು ಬಗೆದು, ವಿಮಾನಗಳನ್ನು ಸಜ್ಜುಗೊಳಿಸಲು ಅಪ್ಪಣೆಯಾಯಿತು. ಥೂಲೆಯ ಮೇಲೆ ಹಾರಾಡುತ್ತಿದ್ದ ಒಂದು ವಿಮಾನವು ರೇಡಿಯೋ ಮೂಲಕ ಆ ಠಾಣೆಯು ಕ್ಷೇಮವಾಗಿದೆಯೆಂದು ತಿಳಿಸಿದ ಮೇಲೆ ಭಯವು ಶಮನವಾಯಿತು. ವಿಚಾರಿಸಿ ನೋಡಲಾಗಿ, ಬೇರೆಬೇರೆಯೆಂದು ನಂಬಿದ್ದ ಆ ತಂತಿಗಳೆಲ್ಲವೂ ಕೊಲರಾಡೋದ ಒಂದೇ ಮರುಪ್ರಸಾರ ಠಾಣೆಯ ಮೂಲಕ ಹಾದುಹೋಗುತ್ತಿದ್ದುವು. ಅಲ್ಲಿಯ ಒಂದು ಮೋಟಾರು ಅತಿಯಾಗಿ ಕಾಯ್ದು ಕೆಟ್ಟಿದ್ದಿತು. ಲೋಕವನ್ನು ಅಣುಯುದ್ಧದ ಬಾಗಿಲಿಗೆ ತಂದುದು ಶತ್ರುವಲ್ಲ, ಒಂದು ಮೋಟಾರು. ಅದರಿಂದ ಪಾರುಮಾಡಿದುದು ಬೇರೊಂದು ಜಾತಿಯ ಮಾರ್ಗ.

ಮರುವರ್ಷ ಅಕ್ಟೋಬರಿನಲ್ಲಿ ಕ್ಯೂಬಾದ ಸಂಕಟವು ಒದಗಿತು. ಆಗ ಕ್ರುಶ್ಚೋವರ ಒಂದು ಮುಖ್ಯ ಪತ್ರವು ವಾಷಿಂಗ್ಟನ್ನಿಗೆ ಬಂದು, ಭಾಷಾಂತರಗೊಂಡು, ಅಧ್ಯಕ್ಷ ಕೆನೆಡಿಯವರ ಕೈಸೇರುವುದಕ್ಕೆ ಹಲವು ಗಂಟೆಗಳು ಹಿಡಿದುವು. ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿಯು ತನ್ನ ಗೂಢಲಿಪಿಯ ತಂತಿಗಳನ್ನು ಸೈಕಲ್ಲಿನ ಮೇಲೆ ಬರುವ ತಂತಿ ಕಂಪೆನಿಯ ಹುಡುಗನ ಕೈಗೆ ಕೊಡಬೇಕಾಗಿದ್ದಿತು. ಈ ಅನುಭವದ ಫಲವಾಗಿ ೧೯೬೩ರ ಜೂನ್ ೨೦ರಂದು ಜಿನೀವಾದಲ್ಲಿ ಎರಡು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡುವು. ಆಗಸ್ಟ್ ೩೦ರಂದು ನೇರ ವಾರ್ತಾಮಾರ್ಗವು ಕೆಲಸಕ್ಕೆ ತೊಡಗಿತು.

ಇದು ಕೆಂಪು ಟೆಲಿಫೋನೆಂಬ ಜನಜನಿತವಾದ ಅಭಿಪ್ರಾಯವು ಸರಿಯಲ್ಲ. ಅದು ಟೆಲಿಪ್ರಿಂಟರ್ ಮಾರ್ಗ. ಆಡಿದ ಮಾತಿನಲ್ಲಿ ಅಪಾರ್ಥಕ್ಕೆ ಅವಕಾಶ ಹೆಚ್ಚು; ಬರಹವನ್ನು ನಿಧಾನವಾಗಿ ಓದಿ, ಭಾಷಾಂತರಿಸಿ, ಆಲೋಚಿಸಬಹುದು. ಮುಖ್ಯ ಮಾರ್ಗವು ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿಗಳ ಮೂಲಕ ಹೋಗುವ ತಂತಿ. ಬದಲು ಮಾರ್ಗವು ಟಾಂಜಿಯರಿನ ಮೂಲಕ ಹೋಗುವ ರೇಡಿಯೋ. ಪಾರಿವಾಳ ಮತ್ತು ಬೆಂಕಿಗಳ ಭೇದವು ಇಲ್ಲಿ ಮತ್ತೆ ಕಾಣಿಸುತ್ತದೆ. ಅದೇ ಆಗಸ್ಟ್ ೨೧ರಂದು ಕೆನೆಡಿಯವರು ಸರ್ಕಾರದ ನಾನಾ ಇಲಾಖೆಗಳ ವಾರ್ತಾಜಾಲಗಳನ್ನು ಒಂದುಗೂಡಿಸಲು ರಾಷ್ಟ್ರೀಯ ವಾರ್ತಾ ವ್ಯವಸ್ಥೆಯೊಂದನ್ನು ಸ್ಥಾಪಿಸಿದರು. ಅದು ೨೦೧೨ರ ವರೆಗೆ ನಡೆಯಿತು.

೩

ಶಾಸ್ತ್ರೀಯವಾದ ಸಂಶೋಧನೆಯು ಇದಕ್ಕೂ ಮೊದಲೇ ಆರಂಭವಾಗಿದ್ದಿತು. ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬಾರನ್ ಎಂಬವರು ೧೯೬೪ರಲ್ಲಿ ಪ್ರಕಟಿಸಿದ ಪ್ರಬಂಧಮಾಲೆಯಲ್ಲಿ, ನಡುವೆ ಒಂದೇ ಕೇಂದ್ರವಿರುವ ಜಾಲವು ಆ ಕೇಂದ್ರದೊಡನೆಯೇ ನಾಶವಾಗುವುದೆಂದು ತೋರಿಸಿ, ಬಲೆಯ ಕಣ್ಣುಗಳಂತೆ ಪ್ರತಿಯೊಂದು ಠಾಣೆಯೂ ಹಲವು ನೆರೆಠಾಣೆಗಳೊಡನೆ ಸೇರಿರುವ ಕ್ರಮವನ್ನು ಪ್ರತಿಪಾದಿಸಿದರು. ವಾರ್ತೆಯನ್ನು ಸಣ್ಣ ಖಂಡಗಳಾಗಿ ಮಾಡಿ, ಪ್ರತಿಖಂಡಕ್ಕೂ ವಿಳಾಸವನ್ನು ಬರೆದು ಬಿಟ್ಟರೆ, ಒಂದೊಂದು ಖಂಡವೂ ಉಳಿದ ದಾರಿಗಳಲ್ಲಿ ತನಗೆ ಅನುಕೂಲವಾದುದನ್ನು ಹಿಡಿದು ಗುರಿಯನ್ನು ಮುಟ್ಟುವುದು. ಕನಿಷ್ಠ ಅವಶ್ಯಕತೆಯ ಮೂರು ನಾಲ್ಕರಷ್ಟು ಕೊಂಡಿಗಳಿದ್ದರೆ ಜಾಲವು ಬಹಳ ದೃಢವಾಗುವುದೆಂಬುದು ಅವರ ಲೆಕ್ಕಾಚಾರದ ಫಲ. ಕೊಂಡಿಗಳು ಒಂದೊಂದಾಗಿ ದುರ್ಬಲವಾಗಿದ್ದರೂ ಸಮುದಾಯವು ಬಲವಾಗಿರಬಹುದೆಂಬ ಈ ತತ್ತ್ವವೇ ಮುಖ್ಯವಾದುದು.

ಇಂದಿನ ಅಂತರಜಾಲವು ಅಣುಯುದ್ಧವನ್ನು ತಾಳಿಕೊಳ್ಳುವುದಕ್ಕಾಗಿಯೇ ಹುಟ್ಟಿತೆಂದು ಹಲವರು ಬರೆಯುವುದುಂಟು. ಇದು ವಿಮರ್ಶೆಗೆ ನಿಲ್ಲುವುದಿಲ್ಲ. ೧೯೬೯ರಲ್ಲಿ ಆರಂಭವಾದ ಆರ್ಪಾನೆಟ್ಟಿನ ಉದ್ದೇಶವು ದೂರದೂರದ ಗಣಕಯಂತ್ರಗಳನ್ನು ವಿದ್ವಾಂಸರು ಹಂಚಿಕೊಂಡು ಉಪಯೋಗಿಸುವುದಾಗಿದ್ದಿತು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್ ಎಂಬವರೂ ಸ್ವತಂತ್ರವಾಗಿ ಇದೇ ಖಂಡವಿಧಾನವನ್ನು ಕಂಡುಕೊಂಡಿದ್ದರು. ಬಾರನ್ನರ ಆಲೋಚನೆಯು ಆ ಜಾಲಕ್ಕೆ ನೆರವಾಯಿತೆನ್ನಬಹುದೇ ಹೊರತು ಅದರ ಪ್ರಯೋಜನವನ್ನು ನಿರ್ಣಯಿಸಿತೆನ್ನಲಾಗದು.

೪

೧೯೮೪ರಲ್ಲಿ ಬೆಲ್ ಟೆಲಿಫೋನ್ ಸಂಸ್ಥೆಯ ಏಕಸ್ವಾಮ್ಯವು ಮುರಿದು ಹಲವು ಕಂಪೆನಿಗಳಾದುವು. ಕಂಪೆನಿಗಳು ಹೆಚ್ಚಿದರೆ ಮಾರ್ಗಗಳೂ ಹೆಚ್ಚುವುವೆಂದು ಎಣಿಸುವುದು ಸಹಜ. ಅನುಭವವು ಬೇರೆಯಾಯಿತು. ೧೯೮೮ರ ಮೇ ೮ರಂದು ಇಲಿನಾಯ್ ಸಂಸ್ಥಾನದ ಹಿನ್ಸ್‌ಡೇಲ್ ಎಂಬ ಊರಿನ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಬೆಂಕಿ ಹತ್ತಿತು. ಸುಮಾರು ೩೫,೦೦೦ ಚಂದಾದಾರರ ಟೆಲಿಫೋನುಗಳು ನಿಂತುವು. ಪೂರ್ಣವಾಗಿ ಸರಿಪಡಿಸಲು ವಾರಗಳೇ ಬೇಕಾದುವು. ಅನೇಕ ದೂರದ ಮಾರ್ಗಗಳೂ ಅದೇ ಕಟ್ಟಡದ ಮೂಲಕ ಹೋಗುತ್ತಿದ್ದುದರಿಂದ ಶಿಕಾಗೋದ ವಿಮಾನಸಂಚಾರಕ್ಕೂ ತೊಂದರೆಯಾಯಿತು. ಮರುವರ್ಷ ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಲಿಯು, ರಾಷ್ಟ್ರರಕ್ಷಣೆ ಮತ್ತು ಆಪತ್ಸಿದ್ಧತೆಗಳ ದೃಷ್ಟಿಯಿಂದ ಬರೆದ ವರದಿಯಲ್ಲಿ, ಗಾಜಿನ ಎಳೆಗಳೂ ಹೊಸ ಸ್ವಿಚ್ಚುಗಳೂ ಅಗ್ಗವಾಗಿ ಬಹಳ ಕೆಲಸ ಮಾಡಬಲ್ಲವಾದುದರಿಂದಲೇ ಸಂಚಾರವೆಲ್ಲ ಕೆಲವೇ ಕಡೆ ಕೇಂದ್ರೀಕೃತವಾಗುತ್ತಿದೆಯೆಂದು ಎಚ್ಚರಿಸಿತು. ಮಿತವ್ಯಯವೇ ಅಪಾಯಕ್ಕೆ ಕಾರಣವಾಗಿದ್ದಿತು.

೧೯೯೦ರ ಜನವರಿ ೧೫ರಂದು ಏ.ಟಿ.ಟಿ. ಕಂಪೆನಿಯ ದೂರಸಂಚಾರವು ಸುಮಾರು ಒಂಬತ್ತು ಗಂಟೆಗಳ ಕಾಲ ಅಸ್ತವ್ಯಸ್ತವಾಯಿತು. ಬೆಂಕಿಯಿಲ್ಲ, ಶತ್ರುವಿಲ್ಲ. ನ್ಯೂಯಾರ್ಕಿನ ಒಂದು ಸ್ವಿಚ್ಚು ತನ್ನನ್ನು ತಾನೇ ಸರಿಪಡಿಸಿಕೊಂಡು ಮರಳಿದೆನೆಂದು ನೆರೆಯವಕ್ಕೆ ತಿಳಿಸಿದಾಗ, ಅವುಗಳ ಆದೇಶಾವಳಿಯಲ್ಲಿದ್ದ ಸಣ್ಣದೊಂದು ದೋಷದಿಂದ ಅವೂ ನಿಂತುವು. ಅವುಗಳಿಂದ ಇನ್ನುಳಿದವೂ ನಿಂತುವು. ಸ್ಥಳಗಳು ನೂರಾರು ಮೈಲಿ ದೂರವಿದ್ದರೂ ಆದೇಶಾವಳಿಯು ಒಂದೇ ಆಗಿದ್ದಿತು. ೨೦೦೧ರ ಜುಲೈ ೧೮ರಂದು ಬಾಲ್ಟಿಮೋರಿನ ರೈಲ್ವೆ ಸುರಂಗದಲ್ಲಿ ಗೂಡ್ಸ್ ಬಂಡಿಯೊಂದು ಹಳಿತಪ್ಪಿ ಉರಿದಾಗ, ಆ ಸುರಂಗದಲ್ಲಿ ಹಾದಿದ್ದ ಹಲವು ಕಂಪೆನಿಗಳ ಎಳೆಗಳು ಒಟ್ಟಿಗೇ ಸುಟ್ಟವು. ಹೆಸರು ಹಲವು, ದಾರಿ ಒಂದೇ.

ಸಾಹಿತ್ಯವ್ಯಾಸಂಗ ಮಾಡುವವರಿಗೆ ಈ ಸಂಗತಿಯು ಅಪರಿಚಿತವಲ್ಲ. ಗ್ರಂಥಸಂಪಾದನೆಯಲ್ಲಿ ಹತ್ತು ಓಲೆಯ ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ, ಅವೆಲ್ಲ ಒಂದೇ ಮಾತೃಕೆಯಿಂದ ಇಳಿದವೆಂದು ಗೊತ್ತಾದೊಡನೆ ಹತ್ತು ಸಾಕ್ಷಿಗಳು ಒಂದಾಗಿಬಿಡುತ್ತವೆ. ಬೇರೆ ಮೂಲದಿಂದ ಬಂದ ಒಂದು ಜೀರ್ಣಪ್ರತಿಯು ಅವೆಲ್ಲಕ್ಕಿಂತ ಬೆಲೆಯುಳ್ಳದ್ದು. ಒಮಾಹಾದ ತಂತಿಗಳು ಒಂದೇ ಮಾತೃಕೆಯ ಪ್ರತಿಗಳು. ಥೂಲೆಯ ಮೇಲಿನ ವಿಮಾನವು ಆ ಜೀರ್ಣಪ್ರತಿ.

೫

೧೯೯೯ರಲ್ಲಿ ಅದೇ ಸಂಶೋಧನಾ ಮಂಡಲಿಯ ಇನ್ನೊಂದು ವರದಿಯು, ಪೂರ್ಣವಾಗಿ ನಂಬಲಾಗದ ಅಂಗಗಳಿಂದ ನಂಬಬಹುದಾದ ಅಂಗಿಯನ್ನು ಕಟ್ಟುವುದು ಹೇಗೆಂಬುದನ್ನು ಸಂಶೋಧನೆಯ ಪ್ರಶ್ನೆಯಾಗಿ ಎತ್ತಿತು. ಗಣಿತಜ್ಞ ಫಾನ್ ನ್ಯೂಮನ್ನರು ೧೯೫೬ರಲ್ಲೇ ಯಂತ್ರಾಂಗಗಳ ವಿಷಯದಲ್ಲಿ ಇದನ್ನು ಚರ್ಚಿಸಿದ್ದರು.

ದಾರಿಗಳು ಉಳಿದರೂ ಇನ್ನೊಂದು ಕಷ್ಟವುಂಟು. ಆಪತ್ತಿನಲ್ಲಿ ಎಲ್ಲರೂ ಒಮ್ಮೆಗೇ ಮಾತನಾಡಬಯಸುತ್ತಾರೆ. ಅದಕ್ಕಾಗಿ ಅಮೆರಿಕಾದವರು ೧೯೯೦ರ ದಶಕದಲ್ಲಿ, ರಕ್ಷಣಾಕಾರ್ಯದವರಿಗೆ ಗುಪ್ತಸಂಖ್ಯೆಗಳನ್ನು ಕೊಟ್ಟು ಅವರ ಕರೆಗಳಿಗೆ ಅಗ್ರತೆಯನ್ನು ಕಲ್ಪಿಸಿದರು. ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನಲ್ಲಿ ಅದು ಉಪಯೋಗಕ್ಕೆ ಬಂದಿತು. ಈ ಅಗ್ರತೆಯು ಸರದಿಯಲ್ಲಿ ಮುಂದಕ್ಕೆ ಬಿಡುತ್ತದೆ. ನಡೆಯುತ್ತಿರುವ ಇತರರ ಮಾತನ್ನು ಕಡಿಯುವುದಿಲ್ಲ. ಮಗನು ಬದುಕಿರುವನೇ ಎಂದು ಕೇಳುವ ತಾಯಿಯ ಕರೆಗೂ ರಾಜ್ಯದಲ್ಲಿ ಸ್ಥಾನವುಂಟೆಂಬುದನ್ನು ಈ ನಿಯಮವು ಒಪ್ಪಿಕೊಂಡಂತಿದೆ.

ಮೇಲಿನ ವಿಚಾರದಿಂದ ಇಷ್ಟು ಸಿದ್ಧವಾಗುತ್ತದೆ. ಮಾರ್ಗಗಳ ಸಂಖ್ಯೆಯು ವಿಶ್ವಾಸಕ್ಕೆ ಪ್ರಮಾಣವಲ್ಲ. ಅವುಗಳ ಪರಸ್ಪರ ಸ್ವಾತಂತ್ರ್ಯವೇ ಪ್ರಮಾಣ. ಆ ಸ್ವಾತಂತ್ರ್ಯವು ಸ್ಥಳದಲ್ಲಿ, ಜಾತಿಯಲ್ಲಿ, ಆದೇಶಾವಳಿಯಲ್ಲಿ, ಮೂರರಲ್ಲಿಯೂ ಇರಬೇಕು. ಅದು ಇದೆಯೇ ಎಂಬುದನ್ನು ಕಾಗದದ ನಕ್ಷೆಯಿಂದ ತಿಳಿಯಲಾಗುವುದಿಲ್ಲ. ತಂತಿಯ ಜೊತೆಯಲ್ಲಿಯೇ ಕೊನೆಯವರೆಗೂ ನಡೆದು ನೋಡಬೇಕು. ಈ ಪರೀಕ್ಷೆಗೆ ತಕ್ಕ ಕಾಲವು ಶಾಂತಿಕಾಲ. ೧೯೬೧ರ ಆ ದಿನ ಹಾಗೆ ನಡೆದು ನೋಡಿದ್ದವರು ಯಾರೂ ಇರಲಿಲ್ಲ. ಅಂದು ಲೋಕವು ಉಳಿದುದು ಬದಲು ತಂತಿಗಳ ಬಲದಿಂದಲ್ಲ, ಆಕಾಶದಲ್ಲಿದ್ದ ಒಂದು ವಿಮಾನದ ಮಾತಿನಿಂದ.