ನಾಗಾವಿಯ ಘಟಿಕಾಸ್ಥಾನವೂ ಗ್ರಂಥಪರೀಕ್ಷೆಯೂ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯು ಸಾಮಾನ್ಯ ಜನರಿಗೆ ಶಹಾಬಾದಿನ ಹಾಸುಗಲ್ಲಿನಿಂದಲೂ ವಾಡಿ ಜಂಕ್ಷನ್ನಿನಿಂದಲೂ ಪರಿಚಿತವಾಗಿರುವುದೇ ಹೆಚ್ಚು. ಶಾಸ್ತ್ರಾಧ್ಯಯನದ ಚರಿತ್ರೆಯಲ್ಲಿ ಈ ಸೀಮೆಗಿರುವ ಸ್ಥಾನವು ಬೇರೆ ತೆರನಾದುದು. ಪಂಡಿತನೊಬ್ಬನು ಗ್ರಂಥವನ್ನು ಬರೆದರೆ ಅದನ್ನು ಯಾರ ಮುಂದಿಡುತ್ತಿದ್ದನು, ಯಾರು ತಿದ್ದುತ್ತಿದ್ದರು, ಯಾರು ಒಪ್ಪುತ್ತಿದ್ದರು, ಒಪ್ಪಿದ ಮೇಲೆ ಅದು ಎಲ್ಲಿ ಸೇರುತ್ತಿದ್ದಿತು ಎಂಬ ಪ್ರಶ್ನೆಗಳಿಗೆ ಉತ್ತರದ ತುಣುಕುಗಳು ಇಲ್ಲಿಯ ಶಾಸನಗಳಲ್ಲಿಯೂ ಇಲ್ಲಿಗೆ ಸಂಬಂಧಿಸಿದ ಗ್ರಂಥಪ್ರಶಸ್ತಿಗಳಲ್ಲಿಯೂ ದೊರೆಯುತ್ತವೆ. ಪತ್ರಿಕೆಗೆ ಲೇಖನವನ್ನು ಕಳುಹಿ ಪರಿಶೀಲಕರ ಅಭಿಪ್ರಾಯವನ್ನು ಕಾಯುವ ಪದ್ಧತಿಯು ಪಶ್ಚಿಮದಿಂದ ಬಂದುದೆಂಬುದು ನಿಜ. ಪರೀಕ್ಷೆಗೆ ಒಳಗಾಗದ ಗ್ರಂಥಕ್ಕೆ ಪ್ರಾಮಾಣ್ಯವಿಲ್ಲವೆಂಬ ಭಾವನೆಯು ಮಾತ್ರ ಹೊಸದಲ್ಲ.

ಚಿತ್ತಾಪುರದ ಬಳಿಯ ನಾಗಾವಿಯ ಶಾಸನವು ಶಕ 980ಕ್ಕೆ, ಎಂದರೆ ಕ್ರಿ. ಶ. 1058ಕ್ಕೆ ಸೇರಿದುದು. ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇಲ್ಲಿ ತ್ರೈಪುರುಷ ದೇವಾಲಯವನ್ನೂ ಅದರೊಡನೆ ಘಟಿಕಾಶಾಲೆಯನ್ನೂ ನಿಲ್ಲಿಸಿದನು. ವೇದವನ್ನೋದುವ 200 ಮಂದಿ, ಶಾಸ್ತ್ರವನ್ನೋದುವ 52 ಮಂದಿ ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗರು, ಎಂದರೆ ಪುಸ್ತಕಪಾಲಕರು. ಶಾಸ್ತ್ರೋಪಾಧ್ಯಾಯರ ಸಂಖ್ಯೆಗೆ ಎರಡರಷ್ಟು ಜನರು ಪುಸ್ತಕಗಳಿಗಾಗಿಯೇ ನೇಮಕವಾಗಿದ್ದುದು ಗಮನಿಸತಕ್ಕ ಅಂಶವು. ಅವರಿಗೂ ಉಪಾಧ್ಯಾಯರಂತೆಯೇ ಭೂಮಿಯ ವೃತ್ತಿಯುಂಟು. ಓಲೆಗಳಿಗೆ ಎಣ್ಣೆ ಹಚ್ಚುವುದು, ಹುಳು ಹಿಡಿಯದಂತೆ ನೋಡುವುದು ಇವಿಷ್ಟಕ್ಕೇ ಆರು ವೃತ್ತಿಗಳು ಬೇಕಾಗಲಾರವು; ಪ್ರತಿ ಮಾಡುವುದೂ ಪಾಠವನ್ನು ಒಪ್ಪನೋಡುವುದೂ ಅವರ ಕೆಲಸದಲ್ಲಿ ಸೇರಿದ್ದಿರಬೇಕೆಂದು ಊಹಿಸಲವಕಾಶವುಂಟು.

ಇದಕ್ಕಿಂತ ಮುಖ್ಯವಾದುದು ಶಾಸ್ತ್ರೋಪಾಧ್ಯಾಯರ ವಿಷಯವಿಭಾಗ. ಒಬ್ಬನು ಭಟ್ಟದರ್ಶನಕ್ಕೆ, ಒಬ್ಬನು ಪ್ರಾಭಾಕರಕ್ಕೆ, ಒಬ್ಬನು ನ್ಯಾಸಕ್ಕೆ. ಕುಮಾರಿಲನೂ ಪ್ರಭಾಕರನೂ ಒಂದೇ ಜೈಮಿನಿಸೂತ್ರವನ್ನು, ಒಂದೇ ಶಾಬರಭಾಷ್ಯವನ್ನು ಹಿಡಿದು ಹೊರಟವರಾದರೂ ವಾಕ್ಯಾರ್ಥನಿರ್ಣಯದಲ್ಲಿ, ಭ್ರಾಂತಿಯ ವಿಚಾರದಲ್ಲಿ, ಪ್ರಮಾಣಗಳ ಸಂಖ್ಯೆಯಲ್ಲಿ ಕೂಡ ಒಬ್ಬರನ್ನೊಬ್ಬರು ಒಪ್ಪದವರು. ಭಾಟ್ಟರಿಗೆ ಪ್ರಮಾಣಗಳು ಆರು, ಪ್ರಾಭಾಕರರಿಗೆ ಐದು. ಈ ಎರಡು ಮತಗಳನ್ನೂ ಒಂದೇ ದಾನಶಾಸನದಿಂದ, ಒಂದೇ ಶಾಲೆಯಲ್ಲಿ ಪೋಷಿಸಿದ ಮಧುಸೂದನನು ಪೂರ್ವಪಕ್ಷಿಗೂ ಅನ್ನವಿಟ್ಟನೆಂದು ಹೇಳಬೇಕು. ಇಂತಹ ಸ್ಥಾನದಲ್ಲಿ ಭಾಟ್ಟನೊಬ್ಬನು ವಾದಗ್ರಂಥವನ್ನು ರಚಿಸಿದರೆ ಅದರ ಮೊದಲನೆಯ ಓದುಗನು ಪಕ್ಕದ ಮಂಟಪದ ಪ್ರಾಭಾಕರನೇ ಆಗಿರತಕ್ಕದ್ದು. ಮಿತ್ರರ ಮೆಚ್ಚುಗೆಗಿಂತ ಪ್ರತಿವಾದಿಯ ಮೌನವೇ ಗ್ರಂಥಕ್ಕೆ ಬಲವಾದ ಸಾಕ್ಷಿಯೆಂಬುದನ್ನು ಶಾಸ್ತ್ರಜ್ಞರಿಗೆ ಹೇಳಬೇಕಾದುದಿಲ್ಲ. ನ್ಯಾಸವೆಂಬುದನ್ನು ಕಾಶಿಕಾವೃತ್ತಿಯ ಮೇಲೆ ಜಿನೇಂದ್ರಬುದ್ಧಿಯು ಬರೆದ ವ್ಯಾಖ್ಯಾನವೆಂದು ಗ್ರಹಿಸುವುದಾದರೆ, ಮತ್ತು ಹಾಗೆ ಗ್ರಹಿಸುವುದೇ ಸಮಂಜಸವಾಗಿ ತೋರುತ್ತದೆ, ವೈದಿಕ ಘಟಿಕೆಯಲ್ಲಿ ಬೌದ್ಧ ಗ್ರಂಥಕಾರನ ವ್ಯಾಕರಣವು ಪಾಠ್ಯವಾಗಿದ್ದಿತೆಂದಾಗುವುದು. ಇದೇ ಪ್ರಾಂತದ ಭೀಮಾತೀರದ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ 12ನೆಯದೂ ಇರುವುದನ್ನು ಇಲ್ಲಿ ನೆನೆಯಬಹುದು. ಪರಸ್ಪರರ ಧರ್ಮವನ್ನು ಕೇಳಿ ಬಹುಶ್ರುತರಾಗಬೇಕೆಂಬುದೇ ಆ ಶಾಸನದ ತಾತ್ಪರ್ಯ.

ನಾಗಾವಿಗಿಂತ ಎರಡು ಶತಮಾನಗಳ ಹಿಂದೆ, ಸೇಡಂ ತಾಲೂಕಿನ ಕಾಗಿಣಾ ನದಿಯ ದಡದ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತು. ಕವಿರಾಜಮಾರ್ಗವು ನೃಪತುಂಗನ ಅನುಮತಿಯನ್ನು ಪಡೆದುದೆಂದು ಆ ಗ್ರಂಥವೇ ಹೇಳಿಕೊಳ್ಳುತ್ತದೆ. ಕರ್ತೃವು ಶ್ರೀವಿಜಯನೋ ನೃಪತುಂಗನೋ ಎಂಬ ಚರ್ಚೆಯಲ್ಲಿ ಈ ಅನುಮತಿಯೆಂಬ ಮಾತು ಕರ್ತೃತ್ವಕ್ಕೆ ಸಾಧಕವೋ ಬಾಧಕವೋ ಎಂಬುದನ್ನು ಮಾತ್ರ ವಿದ್ವಾಂಸರು ಬಹುಕಾಲ ವಿಚಾರಿಸಿದರು. ಗ್ರಂಥವು ಒಬ್ಬನಿಂದ ರಚಿತವಾಗಿ ಮತ್ತೊಬ್ಬನಿಂದ ಅಂಗೀಕೃತವಾಗುವ ಕ್ರಮವೊಂದು ಆಗ ಇದ್ದಿತೆಂಬ ಸಂಗತಿಯು ಆ ವಾದದ ಗದ್ದಲದಲ್ಲಿ ಹಿಂದೆ ಬಿದ್ದಿತು. ಅದೇ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಶಕ 759ರಲ್ಲಿ (ಕ್ರಿ. ಶ. 837), ಮುಗಿದ ಜಯಧವಲಾ ಟೀಕೆಯು ಇನ್ನೂ ಸ್ಪಷ್ಟವಾದ ನಿದರ್ಶನ. ಅದು 60,000 ಗ್ರಂಥಪರಿಮಾಣದ್ದು. ಮೊದಲ 20,000 ವೀರಸೇನನದು, ಉಳಿದುದು ಶಿಷ್ಯನಾದ ಜಿನಸೇನನದು. ಶ್ರೀಪಾಲನೆಂಬ ಮುನಿಯು ಟೀಕೆಯನ್ನು ಸಂಪಾಲಿಸಿದನೆಂದು ಪ್ರಶಸ್ತಿಯಲ್ಲಿ ಹೇಳಿದೆ. ರಾಜಪೂಜಿತನಾದ ಜಿನಸೇನನಂತಹವನು ತನ್ನ ಕೃತಿಯನ್ನು ನೋಡಿ ಸರಿಪಡಿಸಿದವನ ಹೆಸರನ್ನು ಮರೆಸದೆ ಕಡೆಯಲ್ಲಿ ಕಾಣಿಸಿದುದು ಅವನ ಪಾಂಡಿತ್ಯದಷ್ಟೇ ದೊಡ್ಡ ಗುಣವು.

ಜಿನಸೇನನು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಗುಣಭದ್ರನು ಪೂರ್ಣಮಾಡಿದನು. ಶಕ 820ರಲ್ಲಿ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತೆಂದು ಉತ್ತರಪುರಾಣದ ಪ್ರಶಸ್ತಿಯಿಂದ ತಿಳಿದುಬರುವುದು. ಮುದ್ರಣವಿಲ್ಲದ ಕಾಲದಲ್ಲಿ ಇದೇ ಪ್ರಕಟಣೆ. ಇನ್ನು ಪುಷ್ಪದಂತನ ಮಾತು ಬೇರೆ. ದುರ್ಜನರ ದೂಷಣೆಗೆ ಬೇಸತ್ತು ಬರೆಯಲೊಲ್ಲದೆ ಇದ್ದ ಅವನನ್ನು ಮೂರನೆಯ ಕೃಷ್ಣನ ಮಂತ್ರಿಯಾದ ಭರತನು ಒಡಂಬಡಿಸಿದನು. ಅವನ ಅಪಭ್ರಂಶ ಮಹಾಪುರಾಣವು ಮಾನ್ಯಖೇಟದಲ್ಲಿ ಕ್ರಿ. ಶ. 959ರಲ್ಲಿ ಆರಂಭವಾಗಿ 965ರಲ್ಲಿ ಮುಗಿಯಿತು. ಪರೀಕ್ಷಕರ ಕಾಠಿಣ್ಯವೂ ಮತ್ಸರಿಗಳ ಕೊಂಕೂ ಒಂದೇ ಅಲ್ಲವಷ್ಟೆ. ಪುಷ್ಪದಂತನಿಗೆ ದೊರೆತುದು ಎರಡನೆಯದೇ ಹೆಚ್ಚೆಂದು ತೋರುತ್ತದೆ.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಅರಮನೆಯ ಒಪ್ಪಿಗೆಯೇ ಗ್ರಂಥಕ್ಕೆ ರಕ್ಷೆಯಾಗಿದ್ದ ಪಕ್ಷದಲ್ಲಿ ಅಂದೇ ಎಲ್ಲವೂ ಮುಗಿಯಬೇಕಾಗಿದ್ದಿತು. ಉಳಿದವು ಉಳಿದುದು ಪ್ರತಿಗಳು ದೂರದ ಭಂಡಾರಗಳನ್ನು ಸೇರಿದ್ದರಿಂದ. ಧವಲಾ ಜಯಧವಲಾ ಟೀಕೆಗಳು ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ನಿಂತು, ದರ್ಶನಕ್ಕೆ ಮಾತ್ರ ಸಿಕ್ಕುತ್ತ, ಓದುವವರಿಗೆ ಶತಮಾನಗಳ ಕಾಲ ದುರ್ಲಭವಾಗಿದ್ದುವು. ಧವಲೆಯ ಮೊದಲ ಸಂಪುಟವು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದುದು 1939ರಲ್ಲಿ. ಕವಿರಾಜಮಾರ್ಗವು ಕೆ. ಬಿ. ಪಾಠಕರಿಂದ 1898ರಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಸ್ಮರಿಸಲ್ಪಟ್ಟ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಕನ್ನಡ ಗದ್ಯಕಾರರ ಹೆಸರುಗಳುಂಟು, ಗ್ರಂಥಗಳಿಲ್ಲ. ಅವರನ್ನು ಒಪ್ಪಿದ ಸಭೆಯಿದ್ದಿತು, ಉಳಿಸಿದ ಭಂಡಾರವಿರಲಿಲ್ಲ.

ನಾಗಾವಿಯದು ಇದಕ್ಕೆ ತಿರುಗುಮುರುಗಾದ ಸ್ಥಿತಿ. ಅಲ್ಲಿ ಭಂಡಾರಿಗರ ಲೆಕ್ಕವಿದೆ, ವೃತ್ತಿಯಿದೆ. ಅವರು ಕಾಯ್ದ ಪುಸ್ತಕಗಳ ಹೆಸರೊಂದೂ ಶಾಸನದಲ್ಲಿಲ್ಲ. ನಾಗಾವಿಯ ಶಾಸನಗಳು ಹೈದರಾಬಾದು ಪುರಾತತ್ತ್ವ ಗ್ರಂಥಮಾಲೆಯ 8ನೆಯ ಸಂಖ್ಯೆಯಾಗಿ 1928ರಲ್ಲಿ ಪ್ರಕಟವಾದುವು. ಆ ಬಳಿಕ ಬರೆದವರು ವಿದ್ಯಾರ್ಥಿಗಳ ಸಂಖ್ಯೆಯನ್ನೇ ಎತ್ತಿ ಹೇಳಿ ಸಂತೋಷಪಟ್ಟುದುಂಟು. ಮೀಮಾಂಸೆಯ ಮತ್ತು ವ್ಯಾಕರಣದ ಓಲೆಪ್ರತಿಗಳ ಕೊನೆಯಲ್ಲಿರುವ ಲಿಪಿಕಾರರ ಬರೆಹಗಳನ್ನು ನಾಗಾವಿಯ ಹೆಸರಿಗಾಗಿ ಮಠಗಳಲ್ಲಿಯೂ ಪ್ರಾಚ್ಯಗ್ರಂಥಾಲಯಗಳಲ್ಲಿಯೂ ಹುಡುಕುವುದು ಹೆಚ್ಚು ಫಲಕಾರಿಯಾದ ಕೆಲಸ. ಕಲ್ಲಿನ ಶಾಲೆಯ ಅರುವತ್ತು ಕಂಬಗಳು ನಾಗಾವಿಯಲ್ಲಿಯೇ ನಿಂತಿರುವುವು. ಓಲೆಗಳು ಹೋದ ದಾರಿಯು ಬೇರೆ ಊರುಗಳಲ್ಲಿ ಸಿಕ್ಕಬೇಕಾಗಿದೆ.